ಬೊಮ್ಮಕ್ಕನ ಅಳತೆ

ಬೊಮ್ಮಕ್ಕ ದೂರವನ್ನು ಸೊಂಟದಲ್ಲಿ ಅಳೆಯುತ್ತಿದ್ದಳು. ತುಂಬಿದ ಕೊಡ ಹೊತ್ತು ನಡೆಯುವಾಗ ಒಂದು ಸೊಂಟ ಸೋತು ಇನ್ನೊಂದಕ್ಕೆ ಬದಲಿಸುವ ತನಕದ ದಾರಿ ಅವಳ ಪಾಲಿಗೆ ‘ಒಂದು ಸೊಂಟ’. ಹೊಲಕ್ಕೆ ಎರಡು ಸೊಂಟ, ಮಗಳ ಮನೆಗೆ ಆರು. “ಹೊಳಲ್ಕೆರೆ ಎಷ್ಟು ಸೊಂಟ ಬೊಮ್ಮಕ್ಕಾ?” ಅಂತ ಒಮ್ಮೆ ಕೆಣಕಿದೆ. “ಅಲ್ಲಿಗೆ ಬಸ್ಸೈತಲ್ಲಪ್ಪ, ಸೊಂಟ ಯಾಕೆ ಸವೆಸ್ಲಿ?” ಅಂದಳು.

ಎಪ್ಪತ್ತರ ದಶಕ ಅದು. ಚಿತ್ರದುರ್ಗದ ಕಚೇರಿಯೊಂದರಲ್ಲಿ ನಾನು ನಕ್ಷೆ ಬರೆಯುವವನು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಸೇರಿಸಿ ಒಂದು ದೊಡ್ಡ ಅಭಿವೃದ್ಧಿ ಯೋಜನೆ ತಯಾರಾಗುತ್ತಿತ್ತು. ರಸ್ತೆ ಎಲ್ಲಿ, ಗೋದಾಮು ಎಲ್ಲಿ, ಮನೆಯಿಲ್ಲದವರಿಗೆ ಹೊಸ ಮನೆ ಎಲ್ಲಿ, ಎಲ್ಲಕ್ಕೂ ಒಂದೊಂದು ಬಣ್ಣದ ಪೆನ್ಸಿಲ್. ಮನೆಗಳಿಗೆ ಹಳದಿ. ಆ ಹಳದಿ ಬಳಿಯುವ ಕೈ ನನ್ನದು. ನನ್ನ ಜಂಬ ಕೇಳಬೇಡಿ! ತಾಳ್ಯದ ಕಡೆಯ ಒಂದು ಹಳ್ಳಿಯಲ್ಲಿ ಗುಡಿಸಲುಗಳಲ್ಲಿದ್ದ ಕುರಿ ಸಾಕುವವರಿಗೆ ರಸ್ತೆ ಬದಿಯ ದಿಬ್ಬದ ಮೇಲೆ ಹಳದಿ ಬಳಿದಿದ್ದೆ. ಊರಿನ ಸಿಹಿನೀರ ಬಾವಿಯ ಪಕ್ಕದ ಸರ್ಕಾರಿ ಬಯಲು ಗೋದಾಮಿಗೆ. ನಕ್ಷೆಯಲ್ಲಿ ಬಾವಿಗೂ ದಿಬ್ಬಕ್ಕೂ ನಡುವೆ ನನ್ನ ಹೆಬ್ಬೆರಳಿನಷ್ಟೇ ಜಾಗ.

ಜಾಗ ತೋರಿಸಲು ನಮ್ಮ ಇಂಜಿನಿಯರ್ ಸಾಹೇಬರ ಜೊತೆ ಹೋದೆ. ದಪ್ಪ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ, ಮನಸ್ಸು ಮಾತ್ರ ಒಳ್ಳೆಯದು. ಬಾವಿಕಟ್ಟೆಯ ಮೇಲೆ ನಕ್ಷೆ ಹಾಸಿದೆವು. ಗಂಡಸರೆಲ್ಲ ತಲೆ ಕೆರೆಯುತ್ತ ನಿಂತರು. ನೀರು ಸೇದುತ್ತಿದ್ದ ಬೊಮ್ಮಕ್ಕ ಹಗ್ಗ ಬಿಟ್ಟು ಬಂದು ಬಗ್ಗಿ ನೋಡಿದಳು.

“ಈ ಅರಿಶಿನ ಯಾತಕ್ಕಪ್ಪ?”

“ನಿಮ್ಮ ಮನೆಗಳಮ್ಮ,” ಅಂದೆ ಹೆಮ್ಮೆಯಿಂದ.

“ಅರಿಶಿನ ಬಳಿದ ಕೂಡ್ಲೆ ಮದ್ವೆ ಆಗಿಬಿಡ್ತಾ? ದಿಬ್ಬಕ್ಕೆ ಇಲ್ಲಿಂದ ಐದು ಸೊಂಟ. ನನ್ನ ಸೊಸೆ ಬಸುರಿ. ದಿನಾ ಆರು ಕೊಡ ಯಾರು ಹೊರ್ತಾರೆ?”

“ಮುಂದೆ ಅಲ್ಲೂ ಬಾವಿ ತೋಡಿಸೋಣ,” ಅಂದರು ಸಾಹೇಬರು.

“ತೋಡ್ಸಿ ಸಾಮಿ. ನೀರು ಬಂದ ದಿನ ನಾವೂ ಬರ್ತೀವಿ.”

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಸಾಹೇಬರಿಗೆ ರೇಗಿತು. “ಏನಮ್ಮಾ, ಕಣ್ಣಿಗೆ ಕಾಣೋ ದೂರ! ನಾನೇ ಹೊತ್ಕೊಂಡು ಹೋಗ್ತೀನಿ ನೋಡ್ತೀಯಾ?”

ಬಾಯಿಂದ ಮಾತು ಬಿದ್ದಿದ್ದೇ ತಡ, ತುಂಬಿದ ಕೊಡ ಅವರ ಮುಂದಿತ್ತು. “ಎತ್ಕಳ್ರಿ ಸಾಮಿ. ಏನಪ್ಪ ಅರಿಶಿನದೋನೆ, ನಿನಗೂ ಒಂದು.”

ಮಟಮಟ ಮಧ್ಯಾಹ್ನ. ಸಾಹೇಬರು ಹೆಗಲ ಮೇಲೆ, ನಾನು ತಲೆಯ ಮೇಲೆ, ಬೊಮ್ಮಕ್ಕ ಸೊಂಟದ ಮೇಲೆ. ಹಿಂದೆ ನಕ್ಷೆಯ ಸುರುಳಿ ಹಿಡಿದ ಹುಡುಗರ ಜೊತೆ ಇಡೀ ಊರು. ಎರಡನೇ ಸೊಂಟಕ್ಕೇ ನನ್ನ ಕೊಡದ ಅರ್ಧ ನೀರು ನನ್ನ ಅಂಗಿಯಲ್ಲಿತ್ತು. ಮೂರನೆಯದಕ್ಕೆ ಸಾಹೇಬರು ಕೊಡ ಇಳಿಸಿ ಒಂದು ಬಂಡೆಯ ಮೇಲೆ ದೊಪ್ಪನೆ ಕುಂತರು. ಬೊಮ್ಮಕ್ಕನ ಕೊಡದಿಂದ ಒಂದು ಹನಿ ಚೆಲ್ಲಿರಲಿಲ್ಲ.

“ಇನ್ನೂ ಎರಡು ಸೊಂಟ ಐತೆ, ಬರ್ರಿ ಹೋಗಾಣ.”

ಸಾಹೇಬರು ಏದುಸಿರು ಬಿಡುತ್ತ ಕೇಳಿದರು, “ಹಾಗಾದ್ರೆ ಗೋದಾಮು ಎಲ್ಲಿಡಲಿ ತಾಯಿ?”

“ದಿಬ್ಬದ ಮೇಲಿಡ್ರಿ. ಲಾರಿ ಬರೋ ರಸ್ತೆ ಅಲ್ಲೇ ಐತಲ್ಲ. ಗೋದಾಮಿಗೇನು ಬಾಯಾರಿಕೆ ಆಗ್ತೈತಾ?”

ಸಾಹೇಬರು ಹೊಟ್ಟೆ ಕುಣಿಯುವಂತೆ ನಕ್ಕು ನನ್ನತ್ತ ತಿರುಗಿದರು. “ರಬ್ಬರ್ ತಂದಿದೀಯೇನಯ್ಯ?”

ತಂದಿದ್ದೆ. ಅದೇ ಬಂಡೆಯ ಮೇಲೆ ನಕ್ಷೆ ಹಾಸಿ ನನ್ನ ಹಳದಿಯನ್ನು ನಾನೇ ಉಜ್ಜಿದೆ. ಹೆಂಗಸರು ಹೋ ಎಂದು ಕೂಗಿದರು. ನಾಚಿಕೆ ಆಯಿತು, ನಿಜ. ಅದಕ್ಕಿಂತ ಹೆಚ್ಚು ಖುಷಿಯಾಯಿತು. ಮೇಲಿನವರು ಒಪ್ಪುವ ತನಕ ಸಾಹೇಬರು ಆ ಕಡತದ ಬೆನ್ನು ಬಿಡಲಿಲ್ಲ.

ಬಾವಿ ಪಕ್ಕದ ಬಯಲಲ್ಲಿ ಮನೆಗಳೆದ್ದ ವರ್ಷ ಬೊಮ್ಮಕ್ಕ ಹೇಳಿ ಕಳಿಸಿದ್ದಳು. ನನಗೆ ಬೇರೆ ಊರಿಗೆ ವರ್ಗವಾಗಿತ್ತು, ಆದರೂ ಹೋದೆ. ಅವಳನ್ನು ಕಂಡದ್ದು ಅದೇ ಕೊನೆ. ಮತ್ತೆ ಆ ಕಡೆ ಹೋಗುವಷ್ಟರಲ್ಲಿ ಅವಳಿರಲಿಲ್ಲ. ಅವತ್ತು ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟು, “ಕುಂತ್ಕ, ಬಂದೆ” ಅಂತ ಕೊಡ ಎತ್ತಿಕೊಂಡು ಹೋದಳು. ನಾನು ಹೊಸ ಬಾಗಿಲಲ್ಲಿ ನಿಂತು ಅವಳ ಸೊಂಟವನ್ನೇ ನೋಡುತ್ತಿದ್ದೆ. ಬಾವಿಯಿಂದ ಹೊಸಿಲ ತನಕ ಕೊಡ ಎಡದಿಂದ ಬಲಕ್ಕೆ ಬರಲಿಲ್ಲ. ಹೊಸಿಲು ದಾಟಿ ಚೊಂಬಿಗೆ ಬಗ್ಗಿಸಿ ಮೊದಲು ನನಗೇ ಕೊಟ್ಟಳು.

“ಕುಡಿಯಪ್ಪ. ಬಾವಿ ತಂಪು ಇನ್ನೂ ಹೋಗಿಲ್ಲ.”