ರಾಹೇಲವ್ವನ ಮಡಚದ ಕಾಲು

ಹತ್ತಿಮತ್ತೂರಿನ ರಾಹೇಲವ್ವನಿಗೆ ತನ್ನ ಕಾಲುಗಳ ಮೇಲೆ ಬಹಳ ಹೆಮ್ಮೆ. ಜೋಳ ಕೊಯ್ಯುವಾಗ ಅವಳ ಸಾಲೇ ಮುಂದೆ. ರವಿವಾರ ಚರ್ಚಿನ ಆರಾಧನೆಯಲ್ಲೂ ಅಷ್ಟೇ, ಉಪದೇಶಿ ದಾನಿಯೇಲಪ್ಪನವರು ಪ್ರಾರ್ಥಿಸೋಣ ಎನ್ನುವ ಮೊದಲೇ ಅವಳ ಮೊಣಕಾಲು ನೆಲ ಮುಟ್ಟಿರುತ್ತಿತ್ತು.

ಒಂದು ವರ್ಷ ಅವಳು ಜೋಳದ ದಂಟಿನ ಕಣಿಕೆ ಹೇರಿದ ಬಂಡಿಯಿಂದ ಬಿದ್ದಳು. ಹುಲಗೂರಿನ ಮಜೀದಸಾಬ ಎಲುಬು ಕೂಡಿಸಿ, ಕಟ್ಟು ಬಿಚ್ಚಬೇಡವೆಂದು ಮತ್ತೆ ಮತ್ತೆ ಹೇಳಿ ಹೋದ. ಆದರೆ ಸುಗ್ಗಿ ಯಾರಿಗೂ ಕಾಯುವುದಿಲ್ಲವಲ್ಲ. ರಾಹೇಲವ್ವ ತಾನೇ ಬಿಚ್ಚಿಕೊಂಡು ಹೊಲಕ್ಕೆ ನಡೆದಳು. ಬಲಗಾಲು ಒನಕೆಯಂತೆ ನೆಟ್ಟಗಾಯಿತು, ಮತ್ತೆ ಮಡಚಲಿಲ್ಲ.

ಕೂಲಿ ತಪ್ಪಿದ್ದಕ್ಕೆ ಅವಳು ಅಷ್ಟು ಅಳಲಿಲ್ಲ. ಮೊಣಕಾಲೂರದ ಪ್ರಾರ್ಥನೆ ದೇವರಿಗೆ ಮುಟ್ಟುವುದಿಲ್ಲವೆಂದು ನಂಬಿದ್ದಳು, ಅದಕ್ಕೆ ಅತ್ತಳು. ಮುಟ್ಟದ ಮೇಲೆ ಹೋಗುವುದೇಕೆಂದು ಆರಾಧನೆಯನ್ನೇ ಬಿಟ್ಟಳು.

ಉಪದೇಶಿಗಳು ಮನೆಗೆ ಬಂದರು. "ಇದರಾಗೂ ದೇವರದು ಏನೋ ಉದ್ದೇಶ ಐತವ್ವಾ."

"ಹಂಗಾರ ಕೇಳಿ ಬಂದು ಹೇಳ್ರಿ. ದಿನಾ ಅವನ ಕೂಡ ಮಾತಾಡವ್ರು ನೀವ."

ಉಪದೇಶಿಗಳು ಮಜ್ಜಿಗೆ ಕುಡಿದು ಎದ್ದು ಹೋದರು.

ಅಷ್ಟರಲ್ಲಿ ನೆರೆಮನೆಯ ಸಿದ್ದವ್ವನ ಮಗಳು ಹೆತ್ತಳು. ಕೂಸು ಹಲ್ಲಿಯಷ್ಟು. ನಮ್ಮ ಕಡೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ನೀರೆರೆಯುತ್ತಾರೆ. ಸಿದ್ದವ್ವ ಕೂತಳು, ಎಲ್ಲಿ ಜಾರೀತೋ ಎಂದು ಕಾಲು ಗಡಗಡ ನಡುಗಿತು. ಕೂಸನ್ನೆತ್ತಿಕೊಂಡು ಓಡಿ ಬಂದಳು.

"ರಾಹೇಲಕ್ಕಾ, ನಿನ್ನ ಕಾಲರ ಅಳ್ಳಾಡಂಗಿಲ್ಲ, ನೀನ ನೀರು ಹಾಕು."

ರಾಹೇಲವ್ವ ಬಚ್ಚಲಲ್ಲಿ ಕೂತಳು. ಕಾಲು ಹಲಗೆಯಂತೆ ನಿಂತಿತು. ಕಡೆಯ ತಂಬಿಗೆ ನೀರನ್ನು ಕೂಸಿಗೆ ನಿವಾಳಿಸುವಾಗ ಅವರವರಿಗೆ ತೋಚಿದ ಮಾತು ಹೇಳುವುದು ರೂಢಿ. ಅವಳು, "ಯೇಸುವೇ, ಇದನ್ನ ಬದುಕಿಸಪ್ಪಾ" ಎಂದಳು. ಮರುದಿನವೂ ಅಂದಳು. ದಿನವೂ ಅಂದಳು. ಕೂಸು ಮೈ ತುಂಬಿಕೊಂಡು, ಬಿಸಿನೀರು ಕಂಡರೆ ಓಣಿ ಒಂದಾಗುವಂತೆ ಚೀರತೊಡಗಿತು. ಮುಂದಿನ ಓಣಿಯ ಬಾಣಂತಿಯರೂ ಕೂಸು ಕಳಿಸಿದರು.

ಒಂದು ಮುಂಜಾನೆ ಆ ಕಡೆ ಹೊರಟಿದ್ದ ಉಪದೇಶಿಗಳಿಗೆ ಅವಳ ಮಾತು ಕೇಳಿಸಿತು. ಬಚ್ಚಲ ಗೋಡೆಯ ಆಚೆ ನಿಂತು ಕೆಮ್ಮಿದರು.

"ರಾಹೇಲವ್ವಾ, ಮೊಣಕಾಲೂರದ ಪ್ರಾರ್ಥನಿ ಮುಟ್ಟಂಗಿಲ್ಲ ಅಂತಿದ್ದೆಲ್ಲ?"

"ನಾ ಎಲ್ಲಿ ಪ್ರಾರ್ಥನಿ ಮಾಡಿದೆ, ನೀರು ಹಾಕಾಕತ್ತೇನಿ," ಅಂದವಳು ಅಲ್ಲಿಗೇ ತಡೆದಳು. ಕಾಲ ಮೇಲಿನ ಕೂಸನ್ನು ನೋಡಿದಳು. ಅದು ಉಚ್ಚೆ ಹೊಯ್ದು ಅವಳ ಕಾಲನ್ನೇ ತೋಯಿಸಿತ್ತು.

"ಮುಟ್ಟೇತಿ ಬಿಡ್ರಿ. ಕೂಸಿನ ತೊಡಿ ನೋಡಿದ್ರ ಗೊತ್ತಾಗ್ತೈತಿ. ನೀವಂತೂ ಕೇಳಿ ಬಂದು ಹೇಳಲಿಲ್ಲ, ದೇವರು ತಾನ ಹೇಳಿದ."

ಮುಂದಿನ ರವಿವಾರ ರಾಹೇಲವ್ವ ಎಲ್ಲರಿಗಿಂತ ಮುಂದೆ ಬಂದು, ಚರ್ಚಿನ ನಡುದಾರಿಗೆ ಕಾಲು ಚಾಚಿ ಕೂತಳು. ಊರಿನ ಕೂಸುಗಳು ಮಿಂದ ಆ ಕಾಲನ್ನು ದಾಟಲಾದೀತೇ? ಅಂದಿನಿಂದ ಉಪದೇಶಿಗಳು ಸುತ್ತುಹಾಕಿಕೊಂಡೇ ಬೋಧನೆಗೆ ಹೋಗಬೇಕಾಯಿತು.