ಸುವರ್ಣಾಳ ತೊಡೆಯ ಮೇಲಿನ ಕಲ್ಲು
ತೇರಗಾಂವದ ಪುಂಡಲೀಕನ ಪಿಕಪ್‌ಗೆ ಐವತ್ತು ವರ್ಷ, ಆದರೆ ಅದನ್ನು ಹಳೆಯದೆಂದವರಿಗೆ ಅವನ ಮನೆಯಲ್ಲಿ ಚಹಾ ಇಲ್ಲ. ದಾಂಡೇಲಿಯಲ್ಲಿ ನಿಲ್ಲಬೇಕೆಂದರೆ ಅದರ ಹಿಂದಿನೂರು ಮೌಳಂಗಿಯಲ್ಲೇ ಬ್ರೇಕ್ ತುಳಿಯಬೇಕಿತ್ತು; ಯಾರಾದರೂ ನಕ್ಕರೆ, "ನಿಲ್ಲೂದಿಲ್ಲ ಅಂತಲ್ಲರೀ, ವಿಚಾರ ಮಾಡಿ ನಿಲ್ತೈತಿ!" ಎನ್ನುತ್ತಿದ್ದ. ಅಂಥವನು ಈ ವಾರ ಮುಂದಿನ ಗಾಲಿಗಳ ಹಳೇ ಡ್ರಮ್ ಬ್ರೇಕ್ ಬಿಚ್ಚಿಸಿ ಡಿಸ್ಕ್ ಬ್ರೇಕ್ ಹಾಕಿಸಿದ್ದೇ ತಡ, ನಿಲ್ಲಿಸುವುದಕ್ಕೆಂದೇ ಗಾಡಿ ಹೊರಡಿಸತೊಡಗಿದ್ದಾನೆ. ಚಹಾದಂಗಡಿ ಮುಂದೊಮ್ಮೆ, ಹಿಟ್ಟಿನ ಗಿರಣಿ ಮುಂದೊಮ್ಮೆ, ಮಲಗಿದ ನಾಯಿಯ ಮುಂದೊಮ್ಮೆ ಗಕ್ಕನೆ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೋಡಿದ್ರಿಲ್ಲೋ? ನಿಂತಬಿಡ್ತು!" ಎಂದು ಕೂಗುತ್ತಾನೆ. ನಾಯಿಗೂ ಅದೇ ಮಾತು, ಅದೇ ಮರ್ಯಾದೆ. ಪಕ್ಕದಲ್ಲಿ ಹೆಂಡತಿ ಸುವರ್ಣಾ, ತೊಡೆಯ ಮೇಲೆ ಒಂದು ಕರೀಕಲ್ಲು. ಮೂವತ್ತು ವರ್ಷ ಪ್ರತಿ ಇಳಿಜಾರಿನಲ್ಲೂ ಗಾಡಿ ತುಸು ನಿಧಾನವಾದ ಕೂಡಲೇ ಜಿಗಿದು, ಗಾಲಿಗೆ ಆ ಕಲ್ಲು ಕೊಟ್ಟು ನಿಲ್ಲಿಸಿದವಳು ಅವಳೇ. ಅಷ್ಟೂ ವರ್ಷ ದಾರಿಯುದ್ದಕ್ಕೂ ಅವಳ ಕಣ್ಣು ಕಿಟಕಿಯಿಂದ ಕೆಳಗೆ, ಮುಂದಿನ ಗಾಲಿಯ ಮೇಲೆಯೇ. ನಿನ್ನೆ ಗಣೇಶಗುಡಿಯ ಇಳಿಜಾರಿನ ನಟ್ಟನಡುವೆ ಪುಂಡಲೀಕ ಬ್ರೇಕ್ ತುಳಿದ, ಗಾಡಿ ಕಲ್ಲಿಲ್ಲದೆಯೇ ನಿಂತಿತು. ಅವಳು ಬಾಗಿಲಿಗೆ ಕೈ ಹಾಕಿದಳು. "ಇಳೀಬ್ಯಾಡ, ಕುಂದ್ರು," ಎಂದ ಪುಂಡಲೀಕ. ಅವಳು ಕಲ್ಲನ್ನು ಕಾಲ ಬಳಿ ಇಟ್ಟು, ಬರಿಗೈಯಲ್ಲಿ ಏನು ಮಾಡುವುದೆಂದು ತಿಳಿಯದೆ ತಲೆಯೆತ್ತಿ ಕಿಟಕಿಯಾಚೆ ನೋಡಿದಳು: "ಅಯ್ಯ, ಇಲ್ಲಿಂದ ಹೊಳಿ ಕಾಣ್ತೈತಲ್ರೀ!"