ಹೊಲಿಗೆಯ ಮೇಲೊಂದು ಬಳ್ಳಿ

ನಮ್ಮ ಭಾವನಿಗೆ ಕಚೇರಿಯವರು ಇಟ್ಟ ಹೆಸರು 'ಕೆನ್ನೆ ಮೇಷ್ಟ್ರು'. ಅದು ಕಂಪ್ಯೂಟರ್ ಆಟ ತಯಾರಿಸುವ ಕಚೇರಿ. ಅಲ್ಲಿ ಆಟದ ಮುಖಗಳ ಕಣ್ಣು ಬಿಡಿಸುವುದು ಒಬ್ಬರ ಪಾಲು, ಕೂದಲು ಇನ್ನೊಬ್ಬರ ಪಾಲು, ಕೆನ್ನೆ ಭಾವನ ಪಾಲು.

ಅವರಿಗೆ ಹೆಸರು ತಂದುಕೊಟ್ಟಿದ್ದು ಎಲ್ಫ್‌ಗಳು, ಅಂದರೆ ಆಟದೊಳಗಿನ ಚೂಪು ಕಿವಿಯ ಕಾಡುಜನ. ಪ್ರತಿ ಎಲ್ಫ್‌ನ ಕೆನ್ನೆಯ ಮೇಲೂ ಕಿವಿಯತ್ತ ಹಬ್ಬುವ ಹಸಿರು ಬಳ್ಳಿಯ ಹಚ್ಚೆ. ಆಡುವವರು ಸುಮ್ಮನಿರುತ್ತಾರೆಯೇ? ಅರ್ಥ ಹುಡುಕಿದರು. ಬಳ್ಳಿ ಕಿವಿಯ ಬಳಿ ಸುತ್ತಿಕೊಂಡಿರುವುದು ಪೂರ್ವಜರ ಮಾತು ಕೇಳಿಸಿಕೊಳ್ಳಲಿಕ್ಕಂತೆ. ಒಂದೆಲೆ ಬಾಡಿರುವುದು ಸೋತ ಯುದ್ಧದ ನೆನಪಿಗಂತೆ. ಒಬ್ಬ ಪುಣ್ಯಾತ್ಮ ಇದರ ಮೇಲೆ ಪುಸ್ತಕವನ್ನೇ ಬರೆದ. ಮೂಗಿಗಿಂತ ಮೂಗುತಿ ಭಾರ.

ನಿಜ ಏನೆಂದು ಮನೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಆಟದ ಮುಖಗಳಲ್ಲಿ ಕೆನ್ನೆ, ಕಿವಿ ಬೇರೆ ಬೇರೆಯಾಗಿ ತಯಾರಾಗಿ ಆಮೇಲೆ ಕೂಡುತ್ತವೆ. ಕೂಡಿದ ಗೆರೆಗೆ ಭಾವ ಹೊಲಿಗೆ ಎನ್ನುತ್ತಾರೆ. ಎಲ್ಫ್ ತಲೆ ತಿರುಗಿಸಿದಾಗಲೆಲ್ಲ ಆ ಹೊಲಿಗೆ ಬಿರುಕಿನ ಹಾಗೆ ಕಾಣುತ್ತಿತ್ತು. ಆಟ ಹೊರಬರುವ ದಿನ ಹತ್ತಿರ. ಗಡ್ಡಕ್ಕೆ ಬೆಂಕಿ ಬಿದ್ದಿತ್ತು, ಬಾವಿ ತೋಡಲು ಪುರಸೊತ್ತಿರಲಿಲ್ಲ. ಭಾವ ಅದರ ಮೇಲೊಂದು ಬಳ್ಳಿ ಎಳೆದು ಮುಚ್ಚಿಬಿಟ್ಟರು. ಬಾಡಿದ ಎಲೆ ಅವಸರದಲ್ಲಿ ಬಣ್ಣ ತಪ್ಪಿದ್ದು. ಸಭೆಗಳಲ್ಲಿ ಯಾರಾದರೂ ಅರ್ಥ ಕೇಳಿದರೆ ಮಾತ್ರ ಭಾವ ಕಣ್ಣು ಮುಚ್ಚಿ, "ಅದು ಹೇಳುವಂಥದ್ದಲ್ಲ" ಎನ್ನುತ್ತಿದ್ದರು. ಸುಳ್ಳೇನಲ್ಲ ಬಿಡಿ.

ಅವರ ಮಗಳ, ಅಂದರೆ ನನ್ನ ಅಕ್ಕನ ಮಗಳ ಕೆನ್ನೆಯ ಮೇಲೂ ಒಂದು ಗೆರೆಯಿದೆ. ಚಿಕ್ಕವಳಿದ್ದಾಗ ಭಾವ ಸೈಕಲ್ ಕಲಿಸುತ್ತ, ಫೋನ್ ಬಂತೆಂದು ಹಿಡಿದ ಕೈ ಬಿಟ್ಟರು. ಹುಡುಗಿ ತಂತಿಬೇಲಿಗೆ ಹೋಗಿ ಬಿದ್ದಳು. ಗಾಯ ಮಾಯಿತು, ಗೆರೆ ಉಳಿಯಿತು. ಭಾವ ಅದರ ಸುದ್ದಿಯನ್ನೇ ಎತ್ತಲಿಲ್ಲ. ಮಗಳ ಜೊತೆ ಮಾತಾಡುವಾಗ ಅವಳ ಇನ್ನೊಂದು ಮಗ್ಗುಲಲ್ಲೇ ಕೂರುತ್ತಿದ್ದರು. ಲೋಕದಲ್ಲೇ ಇಲ್ಲದವರ ಕೆನ್ನೆಗಳನ್ನೆಲ್ಲ ತಿದ್ದುವ ಮನುಷ್ಯ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊನ್ನೆ ಊಟದ ಮೇಜಿನಲ್ಲಿ ಅವಳು, "ಅಪ್ಪಾ, ನಾಳೆ ಕೆನ್ನೆಗೆ ಎಲ್ಫ್ ಹಚ್ಚೆ ಹಾಕಿಸ್ಕೊಳ್ತೀನಿ" ಎಂದಳು.

ಭಾವನ ಚಮಚ ತಟ್ಟೆಗೆ ಬಿತ್ತು. "ಬೇಡಮ್ಮ, ಆಮೇಲೆ ಅಳಿಸೋಕಾಗಲ್ಲ. ಅದಕ್ಕೆ ಅರ್ಥಾನೇ ಇಲ್ಲ ಕಣೆ."

"ಇದೆ. ಪುಸ್ತಕದಲ್ಲಿ ಬರೆದಿದ್ದಾರೆ."

"ಆ ಪುಸ್ತಕಕ್ಕೆ ಬೆಂಕಿ ಹಾಕ! ಬಿರುಕು ಕಾಣಬಾರದು ಅಂತ ನಾನೇ ಗೀಚಿದ್ದು ಅದು."

ಇಷ್ಟು ದಿನ ಕಾಪಾಡಿಕೊಂಡ ದೊಡ್ಡಸ್ತಿಕೆ ಸಾರಿನ ಬಟ್ಟಲಲ್ಲಿ ಮುಳುಗಿತು ಎಂದುಕೊಂಡೆ. ಹುಡುಗಿ ಮಾತ್ರ ನಕ್ಕಳು.

"ನನಗೂ ಅದಕ್ಕೇ ಬೇಕಾಗಿರೋದು ಅಪ್ಪ."

ಭಾವ ಊಟ ಮುಗಿಸಲಿಲ್ಲ.

ಮರುದಿನ ಹಚ್ಚೆ ಅಂಗಡಿಗೆ ಮೂವರೂ ಹೋದೆವು. ಅಂಗಡಿಯವನು ಆ ಆಟದ ಪರಮಭಕ್ತ. ಗೋಡೆ ತುಂಬ ಎಲ್ಫ್‌ಗಳೇ. ಭಾವ ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಭಾವನೂ ಹೇಳಲಿಲ್ಲ. "ಮೊದಲು ಗೆರೆ ನಾನೇ ಹಾಕಿಕೊಡ್ತೀನಿ" ಎಂದು ಪೆನ್ನು ಇಸಿದುಕೊಂಡು, ಮಗಳ ಗಾಯದ ಮಗ್ಗುಲಿಗೆ ಕುರ್ಚಿ ಎಳೆದುಕೊಂಡು ಕೂತರು. ಆ ಗೆರೆಯನ್ನು ಬೆರಳಿನಿಂದ ತುದಿಯವರೆಗೂ ಮುಟ್ಟಿ ನೋಡಿದರು. ಆಮೇಲೆ ಅದರ ಜಾಡಿನಲ್ಲೇ ಪೆನ್ನು ಎಳೆಯತೊಡಗಿದರು.

ಅಂಗಡಿಯವನು ಬಗ್ಗಿ ನೋಡಿ ಹೌಹಾರಿದ. "ತಪ್ಪು ಬರೀತಿದ್ದೀರಿ ಸಾರ್! ಎಲ್ಫ್ ಬಳ್ಳಿ ಕಿವಿ ಹತ್ರ ಸುತ್ಕೊಳ್ಳುತ್ತೆ. ಅದರ ಅರ್ಥ ಗೊತ್ತಾ ನಿಮಗೆ?"

"ಗೊತ್ತಿಲ್ಲಪ್ಪ" ಎಂದರು ಭಾವ, ಪೆನ್ನು ಎತ್ತದೆ. "ಈ ಗೆರೆ ನಾನು ಕೈ ಬಿಟ್ಟಾಗ ಆಗಿದ್ದು. ಸುತ್ಕೊಳ್ಳಲ್ಲ, ನೇರ ಹೋಗಿದೆ."